ಸ್ಟೀಲಿನಲ್ಲಿ ಕ್ರೋಮಿಯಂ ಎಷ್ಟು? ಗನ್, ಸ್ಪೆಕ್ಟ್ರೋ, ಬ್ಯುರೆಟ್: ನಿಮ್ಮ ಕೆಲಸಕ್ಕೆ ಯಾವುದು ಸರಿ

ಬೆಳಗಾವಿಯ ಉದ್ಯಮಬಾಗದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ಶಾಫ್ಟ್ ಮಾಡುವವರು, ಮಚ್ಛೆಯಲ್ಲಿ ಸಣ್ಣ ಫೌಂಡ್ರಿ ನಡೆಸುವವರು, ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಮೇಂಟೆನನ್ಸ್ ನೋಡುವವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸ್ಟೀಲ್ ಚೆಕ್ ಮಾಡಾಕ ಗನ್ ತಗೊಳ್ಳೂಣೇನ್ರಿ, ಸ್ಪೆಕ್ಟ್ರೋ ಹಾಕೂಣೇನ್ರಿ, ಇಲ್ಲಾ ಲ್ಯಾಬಿಗೆ ಕೊಟ್ಟುಬಿಡೂಣೇನ್ರಿ?" ಗನ್ ಅಂದರೆ ಕೈಯಲ್ಲಿ ಹಿಡಿದು ಎಕ್ಸ್-ರೇಯಿಂದ ಅಳೆಯುವ ಉಪಕರಣ, ಸ್ಪೆಕ್ಟ್ರೋ ಅಂದರೆ ಕಿಡಿ ಹಾರಿಸಿ ಅದರ ಬೆಳಕು ಓದುವ ಯಂತ್ರ, ಬ್ಯುರೆಟ್ ಅಂದರೆ ಲ್ಯಾಬಿನಲ್ಲಿ ದ್ರಾವಣ ಹನಿಸಿ ಅಳೆಯುವ ಗಾಜಿನ ಕೊಳವೆ. ಪ್ರಶ್ನೆ ಒಂದೇ ಆದರೂ ಮೂವರಿಗೂ ಉತ್ತರ ಬೇರೆ. ಅದು ಯಾಕೆ ಬೇರೆ ಎಂದು ಇಲ್ಲಿ ಬಿಡಿಸಿ ಹೇಳುತ್ತೇನೆ. ಉದಾಹರಣೆಗೆ ಕ್ರೋಮಿಯಂ ಹಿಡಿದಿದ್ದೇನೆ, ಯಾಕೆಂದರೆ ನಮ್ಮ ಕಡೆ ಓಡಾಡುವ ಅಲಾಯ್ ಸ್ಟೀಲಿನಲ್ಲಿ ಜಾಸ್ತಿ ಜಗಳ ಅದರ ಮೇಲೆಯೇ. ಮ್ಯಾಂಗನೀಸ್, ನಿಕ್ಕಲ್, ಮಾಲಿಬ್ಡಿನಂಗೂ ಇದೇ ಲೆಕ್ಕ ಬಹುಪಾಲು ನಡೆಯುತ್ತದೆ.

ಮೊದಲು ಪ್ರಶ್ನೆ, ಆಮೇಲೆ ಯಂತ್ರ

ಯಾವ ಯಂತ್ರ ಎಂದು ಯೋಚಿಸುವ ಮೊದಲು ನಿಮಗೆ ಎಂಥ ಉತ್ತರ ಬೇಕು ಎಂದು ಬರೆದುಕೊಳ್ಳಿ. "ಈ ಬಾರ್ ಇಎನ್ 8 ಇದೆಯೋ, ಇಎನ್ 19 ಇದೆಯೋ?" ಇದು ಸ್ಟೀಲಿನ ಎರಡು ಗ್ರೇಡುಗಳನ್ನು ಬೇರ್ಪಡಿಸುವ ಪ್ರಶ್ನೆ. "ಫರ್ನೇಸಿನಲ್ಲಿರುವ ಲೋಹಕ್ಕೆ ಇನ್ನೆಷ್ಟು ಫೆರೋಕ್ರೋಮ್ ಹಾಕಲಿ?" ಇದು ಸರಿಪಡಿಸುವ ಪ್ರಶ್ನೆ (ಫೆರೋಕ್ರೋಮ್ ಅಂದರೆ ಕ್ರೋಮಿಯಂ ಸೇರಿಸಲು ಹಾಕುವ ಕಬ್ಬಿಣ-ಕ್ರೋಮಿಯಂ ಮಿಶ್ರಲೋಹ). "ನಾಳೆ ಗಿರಾಕಿ ತಕರಾರು ತೆಗೆದರೆ ಏನು ತೋರಿಸಲಿ?" ಇದು ಸಾಬೀತು ಮಾಡುವ ಪ್ರಶ್ನೆ. ಮೂರಕ್ಕೂ ಒಂದೇ ಉಪಕರಣ ಹುಡುಕಲು ಹೊರಟವರು ಒಂದೋ ಸುಮ್ನೆ ದುಡ್ಡು ಕಳೆಯುತ್ತಾರೆ, ಇಲ್ಲವೇ ಬೇಕಾದಾಗ ಉತ್ತರ ಸಿಗದೆ ಒದ್ದಾಡುತ್ತಾರೆ.

ಎರಡನೆಯದು ನಿಮ್ಮ ಅಂಕಿ ಮಿತಿಯಿಂದ ಎಷ್ಟು ದೂರ ಇದೆ ಎನ್ನುವುದು. ನನ್ನ ಪ್ರಕಾರ ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ. ಇಎನ್ 8 ಸಾದಾ ಕಾರ್ಬನ್ ಸ್ಟೀಲು. ಅದರಲ್ಲಿ ಬೇಕೆಂದು ಹಾಕಿದ ಕ್ರೋಮಿಯಂ ಇರುವುದಿಲ್ಲ. ಇಎನ್ 19ರಲ್ಲಿ ಶೇ. 0.90ರಿಂದ 1.20 ಇರಬೇಕು. ಈ ಎರಡನ್ನು ಬೇರ್ಪಡಿಸುವಾಗ ಉಪಕರಣ 0.1ರಷ್ಟು ಆಚೀಚೆ ತೋರಿಸಿದರೂ ನಷ್ಟವಿಲ್ಲ. ಆದರೆ ಅದೇ ಇಎನ್ 19ರ ಒಂದು ಹೀಟ್, ಅಂದರೆ ಒಮ್ಮೆ ಕರಗಿಸಿದ ಲೋಹ, 0.92 ಬಂದಿದೆ ಅಂದುಕೊಳ್ಳಿ. ನಿಮ್ಮ ವಿಧಾನದಲ್ಲಿ 0.03ರಷ್ಟು ಅನಿಶ್ಚಿತತೆ ಇದ್ದರೆ ನಿಜವಾದ ಅಂಕಿ 0.89ರಿಂದ 0.95ರ ನಡುವೆ ಎಲ್ಲಾದರೂ ಇರಬಹುದು. ಪಾಸೋ ಫೇಲೋ ಎಂದು ಆ ರಿಪೋರ್ಟು ಹೇಳಲಾರದು. ಹಾಗಾಗಿ ಲ್ಯಾಬ್ ರಿಪೋರ್ಟಿನಲ್ಲಿ ಅಂಕಿಯ ಪಕ್ಕ ಅನಿಶ್ಚಿತತೆ ಕೊಟ್ಟಿದ್ದಾರೆಯೇ ನೋಡಿ. ಸಾಮಾನ್ಯವಾಗಿ ಅದನ್ನು ಸುಮಾರು ಶೇ. 95ರ ಭರವಸೆಯ ಮಟ್ಟಕ್ಕೆ ಕೊಡುತ್ತಾರೆ. ಕೊಟ್ಟಿಲ್ಲದಿದ್ದರೆ ಕೇಳಿ ಪಡೆಯಿರಿ.

ಮೂರನೆಯದು ನಿಮ್ಮ ಕೈಯಲ್ಲಿರುವ ತುಂಡು. ಅದನ್ನು ಕತ್ತರಿಸಬಹುದೇ? ಉಜ್ಜಬಹುದೇ? ಅಥವಾ ಗ್ರೈಂಡಿಂಗ್ ಮುಗಿದು ಪ್ಯಾಕ್ ಆಗಲು ಕಾದಿರುವ ಮಾಲೇ? ಮೇಲೆ ಪ್ಲೇಟಿಂಗ್ ಇದೆಯೇ? ಇದರ ಜೊತೆಗೆ ಕಾರ್ಬನ್ ಅಂಕಿಯೂ ಬೇಕೇ ಎಂದು ಮೊದಲೇ ತೀರ್ಮಾನಿಸಿ. ಈ ಒಂದು ಮಾತು ಮರೆತು ಗನ್ ಕೊಂಡವರು ಆಮೇಲೆ ಪೇಚಾಡುತ್ತಾರೆ. ಕೊನೆಗೆ ಸಮಯ, ತಿಂಗಳಿಗೆ ಎಷ್ಟು ಸ್ಯಾಂಪಲ್, ಮತ್ತು ಬಜೆಟ್.

ಗ್ರೈಂಡರ್ ಕಿಡಿ

ಹಳೆಯ ಕೈಗಳು ಬಾರನ್ನು ಗ್ರೈಂಡರ್‌ಗೆ ಒತ್ತಿ ಕಿಡಿ ನೋಡಿಯೇ ಗ್ರೇಡ್ ಹೇಳುತ್ತವೆ. ಕಾರ್ಬನ್ ಜಾಸ್ತಿ ಇದ್ದರೆ ಕಿಡಿ ಜಾಸ್ತಿ ಸಿಡಿದು ಕವಲೊಡೆಯುತ್ತದೆ. ಕ್ರೋಮಿಯಂ ಹೆಚ್ಚಿದ್ದರೆ ಕಿಡಿ ಮಂಕಾಗಿ ಮೊಟಕಾಗುತ್ತದೆ. ರ್‍ಯಾಕಿನಲ್ಲಿ ಬಣ್ಣ ಅಳಿಸಿದ ಬಾರುಗಳು ಬೆರೆತುಹೋದಾಗ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಖರ್ಚೂ ಇಲ್ಲ. ಪಕ್ಕದಲ್ಲೇ ಗೊತ್ತಿರುವ ಗ್ರೇಡಿನ ತುಂಡೊಂದನ್ನು ಉಜ್ಜಿ ಹೋಲಿಸಿ ನೋಡಬೇಕು, ಅಷ್ಟೇ. ಅಂಕಿ ಮಾತ್ರ ಇದರಿಂದ ಹುಟ್ಟುವುದಿಲ್ಲ.

ಗನ್, ಅಂದರೆ ಎಕ್ಸ್‌ಆರ್‌ಎಫ್

ಕೈಯಲ್ಲಿ ಹಿಡಿಯುವ ಈ ಉಪಕರಣ ಸ್ಟೀಲಿನ ಮೇಲೆ ಎಕ್ಸ್-ರೇ ಬಿಡುತ್ತದೆ. ಒಳಗಿನ ಪ್ರತಿ ಲೋಹವೂ ತನ್ನದೇ ಶಕ್ತಿಯ ಎಕ್ಸ್-ರೇ ವಾಪಸ್ ಕೊಡುತ್ತದೆ. ಕ್ರೋಮಿಯಂನದು 5.41 ಕೆಇವಿ, ಕಬ್ಬಿಣದ್ದು 6.40, ನಿಕ್ಕಲ್‌ನದು 7.48. ಯಾವುದು ಎಷ್ಟು ಬಂತು ಎಂದು ಎಣಿಸಿ ಕೆಲವೇ ಸೆಕೆಂಡಿನಲ್ಲಿ ಅಂಕಿ ತೋರಿಸುತ್ತದೆ. ತುಂಡನ್ನು ಕತ್ತರಿಸಬೇಕಿಲ್ಲ, ಕಲೆಯೂ ಉಳಿಯುವುದಿಲ್ಲ.

ಬಾಗಲಕೋಟೆ, ವಿಜಯಪುರದ ಸಕ್ಕರೆ ಕಾರ್ಖಾನೆಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಕೋಜನರೇಷನ್ ಬಾಯ್ಲರ್‌ನ ಪೈಪುಗಳನ್ನೇ ತೆಗೆದುಕೊಳ್ಳಿ. ಪಿ11 ಗ್ರೇಡಿನಲ್ಲಿ ಕ್ರೋಮಿಯಂ ಶೇ. 1.0ರಿಂದ 1.5, ಪಿ22ರಲ್ಲಿ 1.9ರಿಂದ 2.6, ಪಿ91ರಲ್ಲಿ 8.0ರಿಂದ 9.5. ಕಣ್ಣಿಗೆ ಮೂರೂ ಒಂದೇ. ಸ್ಟೋರಿನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಹೋಗಿ, ಸೂಪರ್‌ಹೀಟರ್‌ನಲ್ಲಿ ಕಡಿಮೆ ಕ್ರೋಮಿಯಂನ ಪೈಪು ಕೂತರೆ, ಅದು ಆ ಶಾಖದಲ್ಲಿ ನಿಧಾನಕ್ಕೆ ಹಿಗ್ಗಿ ಒಂದು ದಿನ ಒಡೆಯುತ್ತದೆ. ಅದೂ ಕಬ್ಬು ನುರಿಸುವ ಸೀಜನ್ ನಡುವೆಯೇ ಒಡೆಯಬಹುದು. ವೆಲ್ಡ್ ಆಗಿ ಕೂತ ಪೈಪನ್ನು ಕತ್ತರಿಸಿ ಲ್ಯಾಬಿಗೆ ಕಳಿಸಲು ಆಗುತ್ತದೆಯೇ? ಇಲ್ಲಿ ಗನ್‌ಗೆ ಸಾಟಿ ಇಲ್ಲ. ಪೈಪನ್ನೂ, ವೆಲ್ಡ್ ಮೆಟಲನ್ನೂ ಬೇರೆ ಬೇರೆಯಾಗಿ ನೋಡಬಹುದು.

ಸ್ಟೇನ್‌ಲೆಸ್‌ಗೂ ಇದೇ ಮಾತು. 202 ಮತ್ತು 304 ಎಂಬ ಎರಡೂ ಗ್ರೇಡಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಕ್ರೋಮಿಯಂ ಕೂಡ ಎರಡರಲ್ಲೂ ಶೇ. 17ರಿಂದ 20ರ ಒಳಗೇ ಇರುತ್ತದೆ. 202 ಅನ್ನು 304 ಎಂದು ಮಾರುವ ಮೋಸ ಹಿಡಿಯಬೇಕಾದರೆ ನಿಕ್ಕಲ್, ಮ್ಯಾಂಗನೀಸ್ ನೋಡಬೇಕು. 304ರಲ್ಲಿ ನಿಕ್ಕಲ್ ಶೇ. 8ರ ಮೇಲೆ, ಮ್ಯಾಂಗನೀಸ್ 2ರ ಒಳಗೆ. 202ರಲ್ಲಿ ನಿಕ್ಕಲ್ 4ರಿಂದ 6, ಮ್ಯಾಂಗನೀಸ್ 7.5ರಿಂದ 10. ಗನ್ ಎಲ್ಲವನ್ನೂ ಒಟ್ಟಿಗೆ ತೋರಿಸುವುದರಿಂದ ಸ್ಕ್ರ್ಯಾಪ್ ಕೊಳ್ಳುವವರಿಗೂ ಇದು ಒಳ್ಳೆಯ ಸಂಗಾತಿ.

ಈಗ ಇದರ ಮಿತಿ. ಗನ್‌ಗೆ ಕಾರ್ಬನ್ ಕಾಣುವುದಿಲ್ಲ. ಇಎನ್ 8 ಮತ್ತು ಇಎನ್ 9ರ ನಡುವಿನ ಮುಖ್ಯ ವ್ಯತ್ಯಾಸ ಕಾರ್ಬನ್ನೇ, ಹಾಗಾಗಿ ಅವನ್ನು ಇದು ಬೇರ್ಪಡಿಸಲಾರದು. 304 ಮತ್ತು 304ಎಲ್ ಜೋಡಿಯದೂ ಅದೇ ಕಥೆ. "ಗನ್‌ನಾಗ ಇಎನ್ 9 ಅಂತ ಬಂದೈತಲ್ರಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಪಕರಣ ತನ್ನ ಪಟ್ಟಿಯಲ್ಲಿ ಹತ್ತಿರ ಕಂಡ ಹೆಸರನ್ನು ಹಾಕಿರುತ್ತದೆ, ಅಷ್ಟೇ.

ಇನ್ನೊಂದು ಮಿತಿ ನಮ್ಮ ಊರಿಗೆ ಜಾಸ್ತಿ ಸಂಬಂಧಪಟ್ಟದ್ದು. ಬೆಳಗಾವಿಯಲ್ಲಿ ಹೈಡ್ರಾಲಿಕ್ಸ್ ಕೆಲಸ ಬಹಳ. ಹೈಡ್ರಾಲಿಕ್ ಸಿಲಿಂಡರಿನ ಪಿಸ್ಟನ್ ರಾಡ್ ಮೇಲೆ ಹಾರ್ಡ್ ಕ್ರೋಮ್, ಅಂದರೆ ಗಟ್ಟಿ ಕ್ರೋಮಿಯಂ ಪ್ಲೇಟಿಂಗ್, ಇರುತ್ತದೆ. ಸ್ಟೀಲಿನೊಳಗಿನ ಕ್ರೋಮಿಯಂನಿಂದ ಹೊರಟ ಎಕ್ಸ್-ರೇ ಕೆಲವು ಹತ್ತು ಮೈಕ್ರಾನ್ ಆಳದಿಂದ ಮಾತ್ರ ಮೇಲೆ ಬರಬಲ್ಲದು. ಪ್ಲೇಟಿಂಗ್ ದಪ್ಪವೂ ಅಷ್ಟೇ ಇರುತ್ತದೆ. ಗನ್ ಇಟ್ಟರೆ ಬರುವುದು ಪ್ಲೇಟಿಂಗಿನ ಕ್ರೋಮಿಯಂ, ರಾಡಿನದಲ್ಲ. ಒಳಗೆ ಸಾದಾ ಇಎನ್ 8 ಇದ್ದರೂ ಪರದೆ ತುಂಬ ಕ್ರೋಮಿಯಂ. ರಾಡಿನ ತುದಿ ಕತ್ತರಿಸಿದ ಮುಖದ ಮೇಲೆ, ನಟ್ಟನಡುವೆ ಇಟ್ಟು ನೋಡಿ. ಜಿಂಕ್ ಪ್ಲೇಟಿಂಗ್, ಬಣ್ಣ, ಮಿಲ್ ಸ್ಕೇಲ್ (ಮಿಲ್ಲಿನಲ್ಲಿ ಮೇಲೆ ಕೂತ ಆಕ್ಸೈಡ್ ಪದರ) ಇದ್ದರೂ ಉಜ್ಜಿ ಬೆಳ್ಳಗೆ ಮಾಡಿದ ಮೇಲೆಯೇ ಅಳತೆ.

ಎಕ್ಸ್-ರೇ ಬಿಡುವ ಉಪಕರಣವಾದ್ದರಿಂದ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿಗೆ ಬದ್ಧರಾಗಿರಬೇಕು. ಕೊಳ್ಳುವ ಮೊದಲೇ ಆ ಕಾಗದಪತ್ರದ ಬಗ್ಗೆ ಮಾರುವವರಿಂದ ಬರಹದಲ್ಲಿ ಪಡೆಯಿರಿ. ಸಣ್ಣ ತುಂಡನ್ನು ಬೆರಳಲ್ಲಿ ಹಿಡಿದು ಗನ್ ಮುಂದೆ ಒಡ್ಡುವ ಅಭ್ಯಾಸ ಯಾರಿಗೂ ಬೇಡ. ಸ್ಟ್ಯಾಂಡಿನ ಮೇಲೆ ಇಡಿ.

ಲೇಸರ್ ಗನ್ ಎಂಬ ಇನ್ನೊಂದು ಬಗೆ ಇದೆ, ಅದಕ್ಕೆ ಲಿಬ್ಸ್ ಎನ್ನುತ್ತಾರೆ. ಆರ್ಗಾನ್ ಸೌಲಭ್ಯ ಇರುವ ಮಾದರಿಗಳು ಕಾರ್ಬನ್ನನ್ನೂ ಅಳೆಯುತ್ತವೆ. ಆದರೆ ಜಾಗ ಚೆನ್ನಾಗಿ ಉಜ್ಜಿರಬೇಕು, ಸಣ್ಣ ಸುಟ್ಟ ಗುರುತು ಉಳಿಯುತ್ತದೆ, ಹಲವು ಸಲ ಹೊಡೆದು ಸರಾಸರಿ ತೆಗೆಯಬೇಕು. ಸೈಟಿನಲ್ಲೇ ಕಾರ್ಬನ್ ಬೇಕು ಎನ್ನುವವರು ಮಾತ್ರ ಇದರ ಕಡೆ ನೋಡಲಿ.

ಸ್ಪೆಕ್ಟ್ರೋ

ನಾವು ಸ್ಪೆಕ್ಟ್ರೋ ಎಂದು ಕರೆಯುವುದು ಸ್ಪಾರ್ಕ್ ಎಮಿಷನ್ ಯಂತ್ರವನ್ನು. ಉಜ್ಜಿ ಸಪಾಟು ಮಾಡಿದ ತುಂಡಿನ ಮೇಲೆ, ಆರ್ಗಾನ್ ಗಾಳಿಯಲ್ಲಿ, ಕಿಡಿ ಹಾರಿಸುತ್ತದೆ. ಸುಟ್ಟ ಲೋಹದ ಬೆಳಕನ್ನು ಬಿಡಿಸಿ ಓದುತ್ತದೆ. ಕ್ರೋಮಿಯಂಗೆ 267.7 ನ್ಯಾನೋಮೀಟರ್ ಗೆರೆ, ಕಾರ್ಬನ್‌ಗೆ 193.1. ಅರ್ಧ ನಿಮಿಷದ ಸುಡುವಿಕೆ, ಕಾರ್ಬನ್‌ನಿಂದ ಹಿಡಿದು ಮಾಲಿಬ್ಡಿನಂವರೆಗೆ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ.

ಫೌಂಡ್ರಿಗೆ ಇದು ಯಾಕೆ ಬೇಕು ಎನ್ನಲು ಒಂದು ಲೆಕ್ಕ ಸಾಕು. ಫರ್ನೇಸಿನಲ್ಲಿ 500 ಕಿಲೋ ಲೋಹ ಇದೆ. ಸೌಟಿನಿಂದ ತೆಗೆದ ಸ್ಪೂನ್ ಸ್ಯಾಂಪಲ್‌ನಲ್ಲಿ ಕ್ರೋಮಿಯಂ 0.85 ಬಂತು, ನಿಮಗೆ 1.05 ಬೇಕು. ಕೊರತೆ ಶೇ. 0.20, ಅಂದರೆ 1 ಕಿಲೋ ಕ್ರೋಮಿಯಂ. ನಿಮ್ಮ ಫೆರೋಕ್ರೋಮ್‌ನಲ್ಲಿ ಶೇ. 60 ಕ್ರೋಮಿಯಂ ಇದ್ದು, ಹಾಕಿದ್ದರಲ್ಲಿ ಶೇ. 95 ಲೋಹಕ್ಕೆ ಸೇರುತ್ತದೆ ಎಂದರೆ ಸುಮಾರು 1.75 ಕಿಲೋ ಹಾಕಬೇಕು. ಅದು ಹೈ ಕಾರ್ಬನ್ ಫೆರೋಕ್ರೋಮ್ ಆಗಿದ್ದರೆ, ಶೇ. 7 ಕಾರ್ಬನ್ ಎಂದು ಹಿಡಿದರೂ, ಕಾರ್ಬನ್ 0.025ರಷ್ಟು ಏರುತ್ತದೆ. ಕಾರ್ಬನ್ ಮೊದಲೇ ಮೇಲಿನ ಮಿತಿಯ ಹತ್ತಿರ ಇದ್ದರೆ ಲೋ ಕಾರ್ಬನ್ ಫೆರೋಕ್ರೋಮ್ ಹಾಕಬೇಕಾಗುತ್ತದೆ. ಈ ತೀರ್ಮಾನ ಲೋಹ ಕಾಯಿಸಿಟ್ಟುಕೊಂಡೇ ಆಗಬೇಕು. ಹೊರಗಿನ ಲ್ಯಾಬಿನ ರಿಪೋರ್ಟಿಗೆ ಕಾಯುತ್ತ ಕೂತರೆ ಕರೆಂಟೂ ಹೋಗುತ್ತದೆ, ಲೈನಿಂಗೂ ಸವೆಯುತ್ತದೆ. ಕಾರ್ಬನ್ ಕಾಣದ ಗನ್ ಇಲ್ಲಿ ಅರ್ಧ ಉತ್ತರ ಮಾತ್ರ ಕೊಡುತ್ತದೆ.

ಹಾಗಂತ ಸ್ಪೆಕ್ಟ್ರೋ ಕೊಂಡ ಕೂಡಲೇ ಕೆಲಸ ಮುಗಿಯುವುದಿಲ್ಲ. ಅದನ್ನು ಚೆನ್ನಾಗಿ ನೋಡಿಕೊಳ್ಳಬೇಕು. ಆರ್ಗಾನ್ 99.999 ಶುದ್ಧವೇ ಬೇಕು. ಅಗ್ಗದ್ದು ಹಾಕಿದರೆ ಕಿಡಿ ಸರಿಯಾಗಿ ಕೂರುವುದಿಲ್ಲ. ಸುಟ್ಟ ಗುರುತನ್ನು ಕಣ್ಣಿಂದ ನೋಡುವುದನ್ನು ಹುಡುಗರಿಗೆ ಕಲಿಸಿ. ನಡುವೆ ಲೋಹ ಕರಗಿದ ಕುಳಿ, ಸುತ್ತ ಕಪ್ಪು ಉಂಗುರ ಇದ್ದರೆ ಸರಿ. ಬಿಳಿಚಿಕೊಂಡು ಹರಡಿದ್ದರೆ ಗಾಳಿ ಸೇರಿದೆ ಇಲ್ಲವೇ ಎಣ್ಣೆ, ತೇವ ಉಳಿದಿದೆ ಎಂದರ್ಥ. ಆ ಅಂಕಿಯನ್ನು ಬರೆದುಕೊಳ್ಳಲೇಬೇಡಿ, ಮತ್ತೆ ಉಜ್ಜಿ ಮತ್ತೆ ಸುಡಿ. ಪ್ರತಿ ಸುಡುವಿಕೆಯ ನಂತರ ಎಲೆಕ್ಟ್ರೋಡನ್ನು ಬ್ರಷ್‌ನಿಂದ ಒರೆಸಬೇಕು. ಕೋಣೆಗೆ ಎಸಿ, ಕರೆಂಟಿಗೆ ಯುಪಿಎಸ್ ಬೇಕು. ಬೆಳಗಾವಿಯ ಮಳೆಗಾಲದ ತೇವ, ವಿಜಯಪುರದ ಏಪ್ರಿಲ್-ಮೇ ಸೆಕೆ, ಬಾಗಲಕೋಟೆ ಕಡೆಯ ಸಿಮೆಂಟು, ಕಲ್ಲಿನ ಧೂಳು ಯಾವುದೂ ಇದಕ್ಕೆ ಆಗಿಬರುವುದಿಲ್ಲ.

ಕೊಳ್ಳುವಾಗ ತಪ್ಪದೆ ಕೇಳಬೇಕಾದ್ದು ಪ್ರೋಗ್ರಾಂಗಳ ಬಗ್ಗೆ. ಲೋ ಅಲಾಯ್ ಸ್ಟೀಲಿಗೆ ಒಂದು ಕ್ಯಾಲಿಬ್ರೇಷನ್, ಸ್ಟೇನ್‌ಲೆಸ್‌ಗೆ ಇನ್ನೊಂದು, ಮ್ಯಾಂಗನೀಸ್ ಸ್ಟೀಲಿಗೆ ಮತ್ತೊಂದು. ಕಲ್ಲು ಕ್ರಶರ್‌ಗೆ ಹೋಗುವ ಹ್ಯಾಡ್‌ಫೀಲ್ಡ್ ಸ್ಟೀಲಿನಲ್ಲಿ ಮ್ಯಾಂಗನೀಸ್ ಶೇ. 11ರಿಂದ 14 ಇರುತ್ತದೆ. ಅದನ್ನು ಲೋ ಅಲಾಯ್ ಪ್ರೋಗ್ರಾಂನಲ್ಲಿ ಸುಟ್ಟರೆ ಬರುವ ಅಂಕಿಗೆ ಅರ್ಥವಿಲ್ಲ. ನೀವು ಎರಕ ಹೊಯ್ಯುವ ಗ್ರೇಡುಗಳ ಪಟ್ಟಿ ಕೊಟ್ಟು, ಅಷ್ಟಕ್ಕೂ ಪ್ರೋಗ್ರಾಂ ಇದೆಯೇ, ದರದಲ್ಲಿ ಸೇರಿದೆಯೇ ಎಂದು ಬರೆಸಿಕೊಳ್ಳಿ. ಪ್ರಮಾಣಿತ ಸ್ಯಾಂಪಲ್, ಅಂದರೆ ಸಿಆರ್‌ಎಂ ತುಂಡುಗಳನ್ನೂ ಅದೇ ಆರ್ಡರಿನಲ್ಲಿ ತರಿಸಿ. ನಿಮ್ಮ ಗ್ರೇಡಿಗೆ ಹತ್ತಿರದ ಸಿಆರ್‌ಎಂ ಇಲ್ಲದಿದ್ದರೆ ಯಂತ್ರ ಹೇಳುವುದು ಸರಿಯೋ ತಪ್ಪೋ ಎಂದು ನೋಡಲು ನಿಮಗೆ ದಾರಿಯೇ ಇರುವುದಿಲ್ಲ.

ಸ್ಪೆಕ್ಟ್ರೋಗೆ ಗಟ್ಟಿ ತುಂಡು ಬೇಕು. ಕಿಡಿ ಹಾರುವ ರಂಧ್ರವನ್ನು ತುಂಡು ಪೂರ್ತಿ ಮುಚ್ಚಬೇಕು. ಡ್ರಿಲ್ ಚಿಪ್ಸ್ ನಡೆಯುವುದಿಲ್ಲ. ತೆಳು ತಂತಿ, ಸಣ್ಣ ಪಿನ್ನುಗಳಿಗೆ ಬೇರೆ ಅಡಾಪ್ಟರ್ ಬೇಕು.

ಬ್ಯುರೆಟ್

ಹೊಸ ಯಂತ್ರಗಳ ಮಾತಿನಲ್ಲಿ ಎಲ್ಲರೂ ಮರೆಯುವುದು ಇದನ್ನೇ. ನನಗೆ ಈ ವಿಧಾನದ ಮೇಲೆ ಗೌರವ ಜಾಸ್ತಿ, ಯಾಕೆಂದು ಹೇಳುತ್ತೇನೆ. ಕ್ರೋಮಿಯಂ ಅಳೆಯುವ ಪರ್ಸಲ್ಫೇಟ್ ವಿಧಾನ ನಮ್ಮ ಭಾರತೀಯ ಮಾನಕ ಐಎಸ್ 228ರ 6ನೇ ಭಾಗದಲ್ಲೇ ಇದೆ.

ಒಂದು ಗ್ರಾಂ ಚಿಪ್ಸನ್ನು ಸಲ್ಫ್ಯೂರಿಕ್, ಫಾಸ್ಫಾರಿಕ್ ಆಸಿಡ್ ಮಿಶ್ರಣದಲ್ಲಿ ಕರಗಿಸಿ, ನೈಟ್ರಿಕ್ ಹನಿಸಿ ಕಾರ್ಬೈಡುಗಳನ್ನು ಒಡೆಯುತ್ತಾರೆ. ಆಮೇಲೆ ಸ್ವಲ್ಪ ಸಿಲ್ವರ್ ನೈಟ್ರೇಟ್, ಅಮೋನಿಯಂ ಪರ್ಸಲ್ಫೇಟ್ ಹಾಕಿ ಕುದಿಸಿದರೆ ಹಸಿರು ಕ್ರೋಮಿಯಂ ಹಳದಿ-ಕಿತ್ತಳೆಗೆ ತಿರುಗುತ್ತದೆ. ಸ್ಟೀಲಿನಲ್ಲಿರುವ ಮ್ಯಾಂಗನೀಸ್ ಕೊನೆಗೆ ನೇರಳೆ ಬಣ್ಣ ತಾಳುತ್ತದೆ. ಆ ನೇರಳೆ ಕಂಡಿತೆಂದರೆ ಕ್ರೋಮಿಯಂ ಪೂರ್ತಿ ಉತ್ಕರ್ಷಣೆ ಆಗಿದೆ ಎಂದು ನಂಬಬಹುದು. ಇನ್ನಷ್ಟು ಕುದಿಸಿ ಉಳಿದ ಪರ್ಸಲ್ಫೇಟ್ ಹೋಗಿಸಿ, ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ನೇರಳೆಯನ್ನೂ ತೆಗೆದು, ತಣ್ಣಗಾದ ಮೇಲೆ ಅಳತೆಯ ಫೆರಸ್ ಅಮೋನಿಯಂ ಸಲ್ಫೇಟ್ ಬೇಕೆಂದೇ ಹೆಚ್ಚು ಹಾಕುತ್ತಾರೆ. ಉಳಿದದ್ದನ್ನು ಪರ್ಮಾಂಗನೇಟ್‌ನಿಂದ ತಿಳಿಗುಲಾಬಿ ಬರುವವರೆಗೆ ಟೈಟ್ರೇಟ್ ಮಾಡುತ್ತಾರೆ, ಅಂದರೆ ಬ್ಯುರೆಟ್‌ನಿಂದ ಹನಿಹನಿಯಾಗಿ ಬಿಟ್ಟು ಎಷ್ಟು ಖರ್ಚಾಯಿತು ಎಂದು ಅಳೆಯುತ್ತಾರೆ. ಸ್ಪ್ರಿಂಗ್ ಸ್ಟೀಲಿನಲ್ಲಿ ವೆನೆಡಿಯಂ ಇದ್ದರೂ ಈ ಹಿಂದುಮುಂದಿನ ಟೈಟ್ರೇಷನ್‌ನಲ್ಲಿ ಅದರ ಪ್ರಭಾವ ತಾನಾಗಿ ವಜಾ ಆಗುತ್ತದೆ.

0.1 ನಾರ್ಮಲ್ ಫೆರಸ್ ದ್ರಾವಣದ 1 ಮಿ.ಲೀ. ಅಂದರೆ 1.733 ಮಿ.ಗ್ರಾಂ ಕ್ರೋಮಿಯಂ. ಶೇ. 1 ಕ್ರೋಮಿಯಂ ಇರುವ 1 ಗ್ರಾಂ ಸ್ಟೀಲಿಗೆ 5.77 ಮಿ.ಲೀ. ಖರ್ಚಾಗುತ್ತದೆ. ಬ್ಯುರೆಟ್ ಓದುವಾಗ 0.05 ಮಿ.ಲೀ. ತಪ್ಪಿದರೂ ಉತ್ತರದಲ್ಲಿ ಆಗುವ ವ್ಯತ್ಯಾಸ ಶೇ. 0.009 ಮಾತ್ರ. ಇಲ್ಲಿ ಲೆಕ್ಕ ನಿಂತಿರುವುದು ತೂಕದ ಮೇಲೆ, ದ್ರಾವಣದ ಶಕ್ತಿಯ ಮೇಲೆ. ನಿಮ್ಮ ಗ್ರೇಡಿನದೇ ಸಿಆರ್‌ಎಂ ಇಲ್ಲದಿದ್ದರೂ ಇದು ನಡೆಯುತ್ತದೆ. ಚಿಪ್ಸ್ ಸಾಕು, ತುಂಡಿನ ಆಕಾರ ಮುಖ್ಯವಲ್ಲ. ಗಿರಾಕಿಗೂ ನಿಮಗೂ ಜಗಳ ಬಿದ್ದಾಗ ಪಂಚಾಯ್ತಿಗೆ ಕೂರುವ ಹಿರಿಯ ಇದೇ.

ತೊಡಕೂ ಇದೆ. ಒಂದೊಂದು ಲೋಹಕ್ಕೂ ಬೇರೆ ವಿಧಾನ: ನಿಕ್ಕಲ್‌ಗೆ ಡೈಮಿಥೈಲ್ ಗ್ಲಯಾಕ್ಸಿಮ್ ಹಾಕಿ ಕೆಳಗೆ ಕೂರುವ ಕೆಂಪು ಒತ್ತರ ತೂಗಬೇಕು, ಮ್ಯಾಂಗನೀಸ್‌ಗೆ ಇನ್ನೊಂದು ದಾರಿ. ಗಂಟೆಗಟ್ಟಲೆ ಕೆಲಸ. ಫ್ಯೂಮ್ ಹುಡ್, 0.1 ಮಿ.ಗ್ರಾಂ ತೂಗುವ ತಕ್ಕಡಿ, ಎಲ್ಲಕ್ಕಿಂತ ಹೆಚ್ಚಾಗಿ ಕೈ ಪಳಗಿದ ಕೆಮಿಸ್ಟ್ ಬೇಕು. ಕುದಿಯುವ ಹಂತದಲ್ಲಿ ಕ್ರೋಮಿಯಂ ವಿಷಕಾರಿ ರೂಪದಲ್ಲಿರುತ್ತದೆ. ಉಳಿದ ದ್ರಾವಣವನ್ನು ಸುಮ್ನೆ ಮೋರಿಗೆ ಚೆಲ್ಲುವಂತಿಲ್ಲ. ಸರಿಯಾದ ಕೋಣೆ, ಸರಿಯಾದ ಮನುಷ್ಯ ಇಲ್ಲದೆ ವರ್ಕ್‌ಶಾಪಿನ ಮೂಲೆಯಲ್ಲಿ ಇದನ್ನು ಶುರು ಮಾಡಬೇಡಿ.

ದೊಡ್ಡ ಲ್ಯಾಬುಗಳಲ್ಲಿ ಐಸಿಪಿ ಇರುತ್ತದೆ. ಚಿಪ್ಸ್ ಕರಗಿಸಿದ ನೀರನ್ನು ಆರ್ಗಾನ್ ಪ್ಲಾಸ್ಮಾಕ್ಕೆ ಸಿಂಪಡಿಸಿ ಹಲವು ಲೋಹಗಳನ್ನು ಒಟ್ಟಿಗೆ ಅಳೆಯುತ್ತದೆ. ತೀರಾ ಕಡಿಮೆ ಪ್ರಮಾಣದ ಲೋಹಗಳಿಗೆ ಅದು ಬಹಳ ಒಳ್ಳೆಯದು. ನಮ್ಮಂಥ ಘಟಕಗಳು ಕೊಳ್ಳುವ ವಸ್ತು ಅಲ್ಲ, ಬೇಕಾದಾಗ ಮಾಡಿಸಿಕೊಳ್ಳಿ.

ಹೊರಗಿನ ಲ್ಯಾಬಿಗೆ ಕೊಡುವಾಗ

ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಮಾನ್ಯತೆ ಇದೆ ಎಂದರೆ ಸಾಲದು. ಆ ಮಾನ್ಯತೆಯ ವ್ಯಾಪ್ತಿಯಲ್ಲಿ ನಿಮ್ಮ ಬಗೆಯ ಸ್ಟೀಲು, ನಿಮಗೆ ಬೇಕಾದ ಲೋಹ, ಆ ಪ್ರಮಾಣ ಇದೆಯೇ ನೋಡಿ. ಯಾವ ವಿಧಾನ ಎಂದು ರಿಪೋರ್ಟಿನಲ್ಲಿ ಬರೆಸಿ. ಲೋ ಅಲಾಯ್ ಸ್ಟೀಲಿನ ಸ್ಪೆಕ್ಟ್ರೋಗೆ ಅಮೆರಿಕದ ಮಾನಕ ಎಎಸ್‌ಟಿಎಂ ಇ415, ಆಸ್ಟೆನಿಟಿಕ್ ಸ್ಟೇನ್‌ಲೆಸ್‌ಗೆ ಇ1086. ಚಿಪ್ಸ್ ಕೊಡುವುದಾದರೆ ಕೂಲಂಟ್ ಇಲ್ಲದೆ, ನಿಧಾನಕ್ಕೆ ಡ್ರಿಲ್ ಮಾಡಿ. ಮೇಲಿನ ಸಿಪ್ಪೆ ಬಿಟ್ಟು ಒಳಗಿನದನ್ನು ಹಿಡಿಯಿರಿ. ನೀಲಿ ತಿರುಗಿದ ಚಿಪ್ಸ್ ಬೇಡ. ತುಂಡು ಕೊಡುವುದಾದರೆ ಅರ್ಧ ನಿಮ್ಮಲ್ಲೇ ಹೀಟ್ ನಂಬರ್ ಹೊಡೆದು ಇಟ್ಟುಕೊಳ್ಳಿ. ತಕರಾರು ಬಂದಾಗ ಮರುಪರೀಕ್ಷೆಗೆ ಬೇಕಾಗುವುದು ಆ ಅರ್ಧವೇ.

ಯಾರಿಗೆ ಯಾವುದು

ಲೇತ್ ಕೆಲಸದವರು, ತಿಂಗಳಿಗೆ ಹತ್ತಿಪ್ಪತ್ತು ಬಾರ್ ತರಿಸುವವರು, ಯಾವ ಯಂತ್ರವನ್ನೂ ಕೊಳ್ಳಬೇಡಿ. "ಸಾಹೇಬ್ರ, ಪಕ್ಕಾ ಇಎನ್ ಹತ್ತೊಂಬತ್ತ ಐತಿ" ಎನ್ನುವ ಮಾತಿನ ಜೊತೆ ಟಿಸಿ, ಅಂದರೆ ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್, ಕೇಳಿ, ಬಾರ್ ಮೇಲಿನ ಹೀಟ್ ನಂಬರ್ ಅದಕ್ಕೆ ತಾಳೆಯಾಗುತ್ತದೆಯೇ ನೋಡಿ, ಪ್ರತಿ ಹೊಸ ಲಾಟಿನಿಂದ ಒಂದು ತುಂಡು ಲ್ಯಾಬಿಗೆ ಕಳಿಸಿ. ಕಾರ್ಬನ್ ಸಮೇತ ಅಂಕಿ ಸಿಗುತ್ತದೆ.

ಬಾಯ್ಲರ್, ಸ್ಟೇನ್‌ಲೆಸ್ ಟ್ಯೂಬು ನೋಡಿಕೊಳ್ಳುವ ಮೇಂಟೆನನ್ಸ್‌ನವರಿಗೆ ಗನ್. ವರ್ಷಕ್ಕೊಮ್ಮೆ ಆಫ್ ಸೀಜನ್‌ನಲ್ಲಿ ಮಾತ್ರ ಕೆಲಸ ಇದ್ದರೆ ಕೊಳ್ಳುವುದಕ್ಕಿಂತ ಪಿಎಂಐ, ಅಂದರೆ ಗನ್ ತಂದು ಗ್ರೇಡ್ ಗುರುತಿಸುವ ಕೆಲಸ, ಮಾಡುವವರನ್ನು ಕರೆಸುವುದೇ ಲಾಭ.

ಅಲಾಯ್ ಸ್ಟೀಲ್ ಎರಕದವರಿಗೆ ಸ್ಪೆಕ್ಟ್ರೋ ಬೇಕೇ ಬೇಕು. ಆದರೂ ಲೆಕ್ಕ ಹಾಕಿ ನೋಡಿ. ಕಂತು, ಆರ್ಗಾನ್, ಸರ್ವೀಸ್, ಆಪರೇಟರ್ ಸಂಬಳ ಸೇರಿ ವರ್ಷಕ್ಕೆ 9 ಲಕ್ಷ ಬೀಳುತ್ತದೆ, ಹೊರಗೆ ಸ್ಯಾಂಪಲ್ಲಿಗೆ 800 ರೂಪಾಯಿ ಎಂದು ಇಟ್ಟುಕೊಳ್ಳಿ. 1,125 ಸ್ಯಾಂಪಲ್ ದಾಟಿದರೆ ಯಂತ್ರ ತನ್ನ ಖರ್ಚು ತಾನೇ ಹೊರುತ್ತದೆ, ಅಂದರೆ ಕೆಲಸದ ದಿನಕ್ಕೆ ಸುಮಾರು ನಾಲ್ಕು. ಈ ಅಂಕಿಗಳ ಜಾಗಕ್ಕೆ ನಿಮ್ಮ ಕೊಟೇಷನ್‌ನವು ಹಾಕಿ. ಕಾಯಿಸಿಟ್ಟ ಲೋಹದ ಕರೆಂಟ್ ಬಿಲ್, ರಿಜೆಕ್ಟ್ ಆದ ಎರಕದ ಬೆಲೆಯನ್ನೂ ಸೇರಿಸಿದರೆ ಇನ್ನೂ ಕಡಿಮೆ ಸ್ಯಾಂಪಲ್ಲಿಗೇ ಅದು ಗಿಟ್ಟಬಹುದು. ಸ್ಪೆಕ್ಟ್ರೋ ಇದ್ದರೂ ಮಿತಿಯ ಅಂಚಿಗೆ ಬಂದ ಹೀಟುಗಳನ್ನು ಆಗಾಗ ಹೊರಗಿನ ಲ್ಯಾಬಿನಲ್ಲಿ ಬ್ಯುರೆಟ್ ವಿಧಾನದಿಂದ ತಾಳೆ ನೋಡಿಸಿ.

ಕೊಳ್ಳುವುದೇ ಎಂದು ತೀರ್ಮಾನಿಸಿದ್ದರೆ ಡೆಮೋ ದಿನ ನಿಮ್ಮದೇ ಮೂರು ತುಂಡು ಸಿದ್ಧ ಇಟ್ಟುಕೊಳ್ಳಿ, ಮೂರಕ್ಕೂ ಲ್ಯಾಬ್ ರಿಪೋರ್ಟ್ ಇರಲಿ. ಅಂಕಿ ಮಾರುವವರಿಗೆ ಹೇಳಬೇಡಿ. ಒಂದೊಂದನ್ನೂ ಬೇರೆ ಬೇರೆ ಜಾಗದಲ್ಲಿ ಐದೈದು ಸಲ ಅಳೆಯಿಸಿ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ ಇನ್ನೊಮ್ಮೆ ಅಳೆಯಿಸಿ. ಐದರ ಸರಾಸರಿ ರಿಪೋರ್ಟಿಗೆ ಎಷ್ಟು ಹತ್ತಿರ, ಐದೂ ತಮ್ಮ ತಮ್ಮೊಳಗೆ ಎಷ್ಟು ಹತ್ತಿರ, ಎರಡನ್ನೂ ಬರೆದುಕೊಳ್ಳಿ. ನಿಮ್ಮ ಗ್ರೇಡಿನ ಮಿತಿಯ ಪಕ್ಕ ಆ ಹರವನ್ನು ಇಟ್ಟು ನೋಡಿ, ಆಮೇಲೆ ದರದ ಮಾತಿಗೆ ಕೂರಿ.